ಅವನೂ ನಗ್ತಿದ್ದ, ಈಗ ದೂರು ಕೊಟ್ಟಿದ್ದಾನೆ: ಏನು ಉತ್ತರ ಬರೀಲಿ?

ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಲೈನ್ ಲೀಡರ್ ಆಗಿದ್ದೇನೆ. ನಮ್ಮ ಲೈನಿನಲ್ಲಿ ಮಣಿಪುರದ ಹುಡುಗ ಒಬ್ಬ ಇದ್ದಾನೆ. ಎಲ್ಲರೂ ಅವನನ್ನು ‘ಚೈನಾ’ ಅಂತ ಕರೆಯುತ್ತಿದ್ದೆವು. ಹೋದ ವಾರ ಜನಾಂಗ ನಿಂದನೆ ಅಂತ ಎಚ್‌ಆರ್‌ಗೆ ದೂರು ಕೊಟ್ಟಿದ್ದಾನೆ. ಮೂರು ದಿನದಲ್ಲಿ ಬರೆದು ಕೊಡಿ ಅಂದಿದ್ದಾರೆ. ನಾನು ಅಂಥವನಲ್ಲ. ಗೊತ್ತಿದ್ದವರು ಹೇಳಿ.

ಮಾಲೂರಿನಿಂದ: ಅಣ್ಣ, ನನಗೂ ಇದೇ ಆಗಿತ್ತು. ನಾನು ಕರೆಯುತ್ತಿದ್ದದ್ದು ‘ನೇಪಾಳಿ’. ಹುಡುಗ ಅಸ್ಸಾಂನವನು. ದೂರು ಬಂದ ದಿನ ನಾನು ಮಾಡಿದ ಮೊದಲ ತಪ್ಪು, ರಾತ್ರಿ ಇಬ್ಬರನ್ನು ಕರ್ಕೊಂಡು ಅವನ ರೂಮಿಗೆ ಹೋಗಿದ್ದು. ರಾಜಿ ಮಾಡ್ಕೊಳ್ಳೋಣ ಅಂತಲೇ ಹೋಗಿದ್ದೆ, ಹಣ್ಣು ಕೂಡ ತಗೊಂಡಿದ್ದೆ. ಆದರೆ ಹತ್ತು ಗಂಟೆ ರಾತ್ರಿ ಬಾಗಿಲಲ್ಲಿ ಮೂರು ಜನ ನಿಂತರೆ ಒಳಗಿರುವವನಿಗೆ ಹೇಗೆ ಕಾಣುತ್ತೆ? ಅವನು ಚಿಲಕ ತೆಗೆಯಲೇ ಇಲ್ಲ. ಮಾರನೇ ದಿನ ದೂರಿಗೆ ‘ಬೆದರಿಕೆ’ ಅನ್ನೋದೂ ಸೇರಿತು. ಎರಡನೇ ತಪ್ಪು, ‘ತಮಾಷೆಗೆ ಅಂದೆ’ ಅಂತ ಬರೆದುಕೊಟ್ಟಿದ್ದು. ಎನ್‌ಕ್ವೈರಿಯಲ್ಲಿ ಮೇಡಂ ಒಂದೇ ಕೇಳಿದರು: ಅವನು ನಿಮ್ಮನ್ನು ಏನಂತ ಕರೀತಿದ್ದ? ‘ಸರ್’ ಅಂದೆ. ಅಲ್ಲಿಗೆ ನನ್ನ ತಮಾಷೆ ಮುಗೀತು. ವಾರ್ನಿಂಗ್ ಲೆಟರ್ ಕೊಟ್ಟರು, ಲೈನ್ ಬದಲಾಯಿಸಿದರು. ಕೆಲಸ ಉಳಿಯಿತು.

ತುಮಕೂರು, ವಸಂತನರಸಾಪುರದಿಂದ: ನಾನು ಎಚ್‌ಆರ್‌ನಲ್ಲೇ ಇದ್ದೇನೆ. ಮೊದಲು ದೂರಿನ ಪ್ರತಿ ಕೇಳಿ. ಅದನ್ನು ಓದದೆ ಒಂದು ಸಾಲೂ ಬರೀಬೇಡಿ. ಮೂರು ದಿನ ಸಾಲದಿದ್ದರೆ ಬರವಣಿಗೆಯಲ್ಲೇ ಟೈಮ್ ಕೇಳಿ. ಆಮೇಲೆ ಯಾವ ಮಾತು ಆಡಿದ್ದು ನಿಜ, ಯಾವುದು ಆಡಿಲ್ಲ ಅಂತ ಬೇರೆ ಬೇರೆ ಬರೆಯಿರಿ. ‘ನಾನು ಅಂಥವನಲ್ಲ’ ಅಂತ ಎಲ್ಲರೂ ಬರೀತಾರೆ, ಅದನ್ನು ಯಾರೂ ಓದಲ್ಲ. ಎನ್‌ಕ್ವೈರಿಗೆ ಸಹೋದ್ಯೋಗಿ ಒಬ್ಬರನ್ನು ನೆರವಿಗೆ ಕೇಳಬಹುದು. ಎನ್‌ಕ್ವೈರಿ ಮುಗಿಯುವ ತನಕ ಸಸ್ಪೆಂಡ್ ಮಾಡಿದರೆ, ಕಾರ್ಮಿಕರಾದವರಿಗೆ ಮೊದಲ 90 ದಿನ ಅರ್ಧ ಸಂಬಳ ಕೊಡಲೇಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಏನನ್ನೂ ಡಿಲೀಟ್ ಮಾಡಬೇಡಿ. ಅಳಿಸಿದ್ದು ಬೇರೆಯವರ ಫೋನಿನಲ್ಲಿ ಉಳಿದಿರಬಹುದು.

ಚಿಂತಾಮಣಿಯಿಂದ: ಎಲ್ಲ ದೂರೂ ನಿಜ ಅಂತಲ್ಲ. ನನ್ನ ಮೇಲೆ ಬಂದದ್ದು ಸುಳ್ಳು. ರಿಜೆಕ್ಟ್ ಆದ ಪೀಸ್‌ಗಳ ವಿಷಯಕ್ಕೆ ಗದರಿದ್ದೆ ಅಷ್ಟೇ. ‘ಬಿಹಾರಿ’ ಅಂತ ಬೈದೆ ಅಂದರು. ಶಿಫ್ಟ್ ರಿಜಿಸ್ಟರ್ ಉಳಿಸಿತು. ಅದೇ ತಪ್ಪಿಗೆ ನಮ್ಮೂರಿನ ಇಬ್ಬರಿಗೂ ಅದೇ ವಾರ ಮೆಮೊ ಕೊಟ್ಟಿದ್ದೆ. ಸಿಟ್ಟು ಬರುತ್ತೆ, ನಿಜ. ಆದರೆ ದೂರು ಕೊಟ್ಟವನ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ, ಲೀವೂ ಕಟ್ ಮಾಡಲಿಲ್ಲ. ಮಾಡಿದ್ದರೆ ಸುಳ್ಳು ದೂರೇ ನಿಜ ಅನ್ನಿಸಿಬಿಡ್ತಿತ್ತು.

ಕೋಲಾರದಿಂದ, ವಕೀಲ: ದೂರು ಕೊಟ್ಟವನು ಪರಿಶಿಷ್ಟ ಪಂಗಡದವನಾ, ನೋಡಿ. ಹಾಗಿದ್ದರೆ ಇದು ಫ್ಯಾಕ್ಟರಿಯೊಳಗೇ ಮುಗಿಯುವ ಮಾತಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಾಲ್ಕು ಜನರ ಎದುರು ಬೇಕೆಂದೇ ಅವಮಾನ ಮಾಡುವುದು ಅಪರಾಧ. ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನಿಗೂ ಅದರಲ್ಲೇ ತಡೆ ಇದೆ. ಈಶಾನ್ಯದವರನ್ನು ಹೀಗೆ ಹೀಯಾಳಿಸಿದರೆ ಈ ಕಾಯ್ದೆ ಬಳಸಿ ಅಂತ ಕೇಂದ್ರ ಗೃಹ ಇಲಾಖೆ 2012ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಉತ್ತರ ಕೊಡುವ ಮೊದಲು ವಕೀಲರೊಬ್ಬರಿಗೆ ತೋರಿಸಿ.

ಬಂಗಾರಪೇಟೆಯಿಂದ: ಮೈಸೂರಿನಲ್ಲಿ ಕೆಲಸಕ್ಕಿದ್ದಾಗ ನನ್ನನ್ನು ಎರಡು ವರ್ಷ ‘ಗೊಲ್ಟಿ’ ಅಂತ ಕರೆದರು. ಮನೇಲಿ ತೆಲುಗು ಮಾತಾಡ್ತೀವಿ ಅಂತ ಒಂದು ಸಲ ಬಾಯಿಬಿಟ್ಟಿದ್ದೇ ತಪ್ಪಾಯ್ತು. ನಾನೂ ನಗ್ತಿದ್ದೆ ಗುರು. ಹೊಸ ಕೆಲಸ, ನಗದೆ ಏನು ಮಾಡೋದು?

ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ದೂರಿನ ಪ್ರತಿ ಸಿಕ್ಕಿತು. ಕ್ಯಾಂಟೀನಿನಲ್ಲಿ ನಾವು ತೆಲುಗಿನಲ್ಲಿ ಏನೋ ಹೇಳಿ ನಕ್ಕಾಗಲೆಲ್ಲ ತನ್ನ ಬಗ್ಗೆಯೇ ಅಂದುಕೊಳ್ಳುತ್ತಿದ್ದೆ ಅಂತ ಬರೆದಿದ್ದಾನೆ. ಅರ್ಧ ಸಲ ಅವನ ಬಗ್ಗೆ ಅಲ್ಲವೇ ಅಲ್ಲ. ಉಳಿದರ್ಧ ಹೌದು. ವಕೀಲರಿಗೆ ತೋರಿಸಿ, ಆಡಿದ್ದನ್ನು ಆಡಿದ್ದೇನೆ ಅಂತ ನಿನ್ನೆ ಬರೆದು ಕೊಟ್ಟೆ. ಉತ್ತರದಲ್ಲಿ ಅವನ ಹೆಸರು ಬರೆಯೋಕೆ ಅಟೆಂಡೆನ್ಸ್ ಶೀಟ್ ತೆಗೆದು ನೋಡಬೇಕಾಯ್ತು. ಎಂಟು ತಿಂಗಳಿಂದ ಒಂದೇ ಲೈನ್‌ನಲ್ಲಿದ್ದೀವಿ. ಸೋಮವಾರ ಎನ್‌ಕ್ವೈರಿ.