ಪಾರ್ಕ್ ಪಟ್ಟಿಗೆ ಲಾನ್ ಬೇಡ, ತಂಗಡಿ ಹಾಕೋಣ

ಮನೆ 17: ಎಲ್ಲರಿಗೂ ನಮಸ್ಕಾರ. ಪಾರ್ಕ್ ಬೇಲಿ ಪಕ್ಕದ ಪಟ್ಟೀಲಿ ಹೋದ್ ವರ್ಷ ಹಾಸಿದ್ದ ಲಾನ್ ಪೂರ್ತಿ ಒಣಗೋಯ್ತು, ಈಗ ರಾತ್ರಿ ಹೊತ್ತು ಕಸದ ಕವರ್ ಬೇರೆ ಬೀಳ್ತಿದೆ. ಮತ್ತೆ ಹುಲ್ಲು ಹಾಸಿ ಟ್ಯಾಂಕರ್ ತರಿಸೋದಾದ್ರೆ ನಾನಂತೂ ದುಡ್ಡು ಕೊಡಲ್ಲ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರು ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿತ್ತಲ್ಲ, ಮರೆತ್ವಾ? ಆ ಪಟ್ಟಿಗೆ ನೀರು ಅಷ್ಟು ಬೇಡದ ತಂಗಡಿ ಗಿಡ ಹಾಕೋಣ.

ಮನೆ 32: ತಂಗಡಿ ಅಂದ್ರೆ ಯಾವ್ದು ಸಾರ್

ಮನೆ 17: ಆವರಿಕೆ ಅಂತಾನೂ ಅಂತಾರೆ. ಹಿರಿಯೂರು ಕಡೆ ಹೋಗುವಾಗ ರೋಡ್ ಪಕ್ಕ ಬರೀ ಕಲ್ಲು ನೆಲದಲ್ಲೂ ಹಳದಿ ಹೂ ಬಿಟ್ಕೊಂಡು ನಿಂತಿರುತ್ತಲ್ಲ, ಅದೇ.

ಮನೆ 8: ಅಯ್ಯೋ ಅದಾ! ನಮ್ಮ ಚಳ್ಳಕೆರೆ ಕಡೆ ತಂಗಟೆ ಅಂತೀವಿ. ದೀಪಾವಳಿಗೆ ಸಗಣಿ ಬೆನಕನ್ನ ಮಾಡಿ ಅದರ ಹೂ ಸಿಗಿಸ್ತಿದ್ವಿ, ತೊಗಲು ಹದ ಮಾಡೋರು ಬಂದು ತೊಗಟೆ ಸುಲ್ಕೊಂಡು ಹೋಗೋರು. ಗುಂಡಿ ತೋಡಿ ನೆಡೋ ಗಿಡ ಆಯ್ತಾ ಅದು ಅಂತ ನಗು ಬರ್ತಿದೆ, ಆದ್ರೆ ನನ್ನ ಒಪ್ಪಿಗೆ ಇದೆ.

ಮನೆ 45: ಒಂದ್ನಿಮಿಷ, ಹಳದಿ ಹೂವಿನ ಸೆನ್ನಾ ಅನ್ನೋ ಗಿಡ ನಾಗರಹೊಳೆ ಕಾಡನ್ನೇ ನುಂಗ್ತಿದೆ ಅಂತ ಪೇಪರಲ್ಲಿ ಓದಿದ ನೆನಪು??

ಮನೆ 17: ಅದು ಸೆನ್ನಾ ಸ್ಪೆಕ್ಟಾಬಿಲಿಸ್ ಮೇಡಂ, ದಕ್ಷಿಣ ಅಮೆರಿಕ ಕಡೆಯಿಂದ ಬಂದ ಮರ. ನಾನ್ ಹೇಳ್ತಿರೋ ತಂಗಡಿ ಸೆನ್ನಾ ಆರಿಕ್ಯುಲೇಟಾ, ಇಲ್ಲಿನ ಬಯಲುಸೀಮೆದೇ ಪೊದೆ, ತೆಲಂಗಾಣದಲ್ಲಿ ರಾಜ್ಯದ ಹೂವೇ ಇದು. ನರ್ಸರೀಲಿ ಸೀಮೆ ತಂಗಡಿ ಕೊಟ್ರೂ ತರಬೇಡಿ, ಅದೂ ಮರ, ಲೈನ್ ತಂತಿಗೆ ತಾಗುತ್ತೆ.

ಮನೆ 51: ಪೊದೆ ಅಂದ್ರೆ ಹಾವು ಬರಲ್ವಾ? ಮಕ್ಕಳು ಆಡೋ ಜಾಗ

ಮನೆ 8: ಹಾವು ಬರೋದು ಇಲಿಗಮ್ಮ, ಇಲಿ ಬರೋದು ನಾವ್ ಎಸೆಯೋ ಅನ್ನಕ್ಕೆ. ಬುಡದ ಕೊಂಬೆ ಸವರಿ ಇಟ್ರೆ ಕೆಳಗೆ ನೆಲ ಕಾಣುತ್ತೆ, ಭಯ ಬೇಡ.

ಮನೆ 29: ನಾನು ಹೋದ್ ವರ್ಷ ಶಿರಾ ಹತ್ರ ಕಾರ್ ನಿಲ್ಸಿ ಎರಡು ಗಿಡ ಕಿತ್ಕೊಂಡ್ ಬಂದಿದ್ದೆ, ದಿನಾ ಎರಡು ಹೊತ್ತು ನೀರು ಹಾಕ್ದೆ, ವಾರಕ್ಕೆ ಸತ್ತೋದ್ವು. ಗಟ್ಟಿ ಗಿಡ ಅಂತೀರಾ

ಮನೆ 17: ಕಿತ್ತಿದ್ದೇ ತಪ್ಪಾಗಿರುತ್ತೆ ಸಾರ್. ತಾಯಿಬೇರು ಆಳಕ್ಕೆ ಹೋಗಿರುತ್ತೆ, ಅದು ತುಂಡಾದ್ರೆ ಮುಗೀತು, ಮೇಲಿಂದ ನೀರು ನಿಂತ್ರೆ ಇನ್ನೂ ಬೇಗ ಹೋಗುತ್ತೆ. ಬೀಜದಿಂದಾನೇ ಮಾಡ್ಬೇಕು. ಒಣಗಿ ಕಂದು ಬಣ್ಣಕ್ಕೆ ತಿರುಗಿದ ಚಪ್ಪಟೆ ಕಾಯಿ ಬಿಡಿಸಿ, ಬೀಜದ ಸಿಪ್ಪೆ ಗಟ್ಟಿ ಅದಕ್ಕೆ ಉಪ್ಪು ಕಾಗದದಲ್ಲಿ ಸ್ವಲ್ಪ ಉಜ್ಜಿ ಒಂದು ರಾತ್ರಿ ನೆನೆಸಿ ಮಣ್ಣು ತುಂಬಿದ ಕವರಲ್ಲಿ ಹಾಕೋದು, ಸಸಿ ಚಿಕ್ಕದಿರುವಾಗ್ಲೇ ಮಳೆ ಹಿಡಿದ್ಮೇಲೆ ನೆಲಕ್ಕೆ ಇಳಿಸೋದು. ಮೊದಲ ಬೇಸಿಗೆ ಒಂದು ದಾಟಿಸಬೇಕು ಅಷ್ಟೇ, ತರಕಾರಿ ತೊಳೆದ ನೀರು ಸಾಕು.

ಮನೆ 38: ನಮ್ ಕ್ರಾಸಲ್ಲಿ ಸ್ಟ್ರೀಟ್ ಲೈಟ್ ಮೂರು ದಿನದಿಂದ ಇಲ್ಲ, ಅದನ್ನ ಯಾರಾದ್ರೂ ನೋಡ್ತೀರಾ

ಮನೆ 45: ಅದಕ್ಕೆ ಬೇರೆ ಮೆಸೇಜ್ ಹಾಕಿ ಪ್ಲೀಸ್. ಸಾರ್, ಹುಳ ಬೀಳುತ್ತಾ ಇದಕ್ಕೆ?

ಮನೆ 17: ಬೀಳುತ್ತೆ, ಸುಳ್ಳು ಹೇಳಲ್ಲ. ಹಸಿರು ಕಂಬಳಿಹುಳದ ತರ ಇರುತ್ತೆ ಆದ್ರೆ ತುರಿಸಲ್ಲ, ಹಳದಿ ಬಿಳಿ ಚಿಟ್ಟೆಗಳ ಮರಿ ಅವು, ಚಿಟ್ಟೆ ಮೊಟ್ಟೆ ಇಡೋದೇ ಈ ಜಾತಿ ಎಲೆ ಮೇಲೆ. ಎಲೆ ಮತ್ತೆ ಚಿಗುರುತ್ತೆ. ದಯವಿಟ್ಟು ಔಷಧಿ ಹೊಡೆಯೋರನ್ನ ಮಾತ್ರ ಕರೀಬೇಡಿ. ಹೂವಿಗೆ ದಪ್ಪ ಕರಿ ದುಂಬಿ ಬಂದು ಗುಂಯ್ ಅಂತ ನಡುಗಿಸಿ ಪರಾಗ ಉದುರಿಸ್ಕೊಳ್ಳುತ್ತೆ, ಅದನ್ನ ನೋಡೋಕಾದ್ರೂ ಒಂದು ಬೆಂಚ್ ಹಾಕಿಸ್ಬೇಕು.

ಮನೆ 51: ಸರಿ, ಆದ್ರೆ ಕಸ ಹಾಕೋರು ಗಿಡದ ಮೇಲೇ ಹಾಕ್ತಾರೆ ನೋಡ್ತಿರಿ

ಮನೆ 8: ಅದಕ್ಕೇ ಈ ಭಾನುವಾರ ಮೊದ್ಲು ಕಸ ಎತ್ತೋದು, ಆಮೇಲೆ ಗುಂಡಿ. ಏಳು ಗಂಟೆಗೆ. ಹಾರೆ ಗುದ್ದಲಿ ನಮ್ಮನೇಲಿದೆ, ಬೀಜ ಊರಿಂದ ತಮ್ಮನ ಕೈಲಿ ತರಿಸ್ತೀನಿ.

ಮನೆ 29: ನಾನು ಬರ್ತೀನಿ, ಎರಡು ಗಿಡ ಕೊಂದ ಪಾಪ ಇದೆ

ಮನೆ 51: ಗ್ಲೌಸ್ ನಾನ್ ತರ್ತೀನಿ. ಎಷ್ಟು ಜೊತೆ ಬೇಕು ಹೇಳಿ

ಮನೆ 38: ಎಂಟು ತನ್ನಿ ಆಂಟಿ, ನಮ್ಮನೆಯಿಂದ ಇಬ್ಬರು. ಲೈಟ್ ಮಾತ್ರ ಮರೀಬೇಡಿ