ಹೋಮ್‌ಸ್ಕೂಲಿಂಗ್: ವರ್ಷದ ಯೋಜನೆಗೂ ದಾಖಲೆಗೂ ಯಾವ ತಂತ್ರಾಂಶ ಸೂಕ್ತ?

ಪ್ರಶ್ನೆ (ಮೈಸೂರಿನ ತಾಯಿ)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದ ಮಗಳಿಗೂ ಏಳು ವರ್ಷದ ಮಗನಿಗೂ ನಾವು ಮನೆಯಲ್ಲಿಯೇ ಕಲಿಸುತ್ತಿದ್ದೇವೆ. ಮಗಳಿಗೆ ಹದಿನಾಲ್ಕು ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿಸಬೇಕೆಂಬುದು ನಮ್ಮ ಉದ್ದೇಶ. ಇಲ್ಲಿಯವರೆಗೆ ಜೂನ್‌ನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ವರ್ಷದ ಪಾಠಗಳಿಗೆ ದಿನಾಂಕ ಹಾಕಿಕೊಂಡು ನಡೆಸುತ್ತಿದ್ದೆವು. ಈಗ ಇಬ್ಬರ ಪಾಠಗಳೂ ಬೇರೆ ಬೇರೆ ವೇಗದಲ್ಲಿ ಸಾಗುತ್ತಿರುವುದರಿಂದ, ದಸರೆಗೆ ನೆಂಟರು ಬಂದರೆ ಅಥವಾ ಒಬ್ಬರಿಗೆ ಜ್ವರ ಬಂದರೆ ಅಲ್ಲಿಂದ ಮುಂದಿನ ದಿನಾಂಕಗಳನ್ನೆಲ್ಲ ಅಳಿಸಿ ಬರೆಯಬೇಕಾಗುತ್ತದೆ. ಡಾಲರಿನಲ್ಲಿ ಚಂದಾ ಕಟ್ಟಿ ಬಳಸುವ ಅಮೆರಿಕದ ಹೋಮ್‌ಸ್ಕೂಲ್ ಪ್ಲಾನರ್‌ಗಳು ನಮಗೆ ಅಗತ್ಯವೇ, ಅಥವಾ ಕನ್ನಡದಲ್ಲಿ ಟೈಪ್ ಮಾಡಲು ಆಗುವ ಉಚಿತ ವ್ಯವಸ್ಥೆಯೇ ಸಾಕೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೆಂಗಳೂರಿನ ತಂದೆ)

ನಮಸ್ಕಾರ ಮೇಡಂ. ನಿಮ್ಮ ಸಂದರ್ಭಕ್ಕೆ ಗೂಗಲ್ ಶೀಟ್ಸ್ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರಲ್ಲಿ ಕನ್ನಡ ಯಾವ ತೊಡಕೂ ಇಲ್ಲದೆ ನಡೆಯುತ್ತದೆ ಮತ್ತು ನೀವು ಹೇಳಿದ ದಿನಾಂಕದ ಸಮಸ್ಯೆಗೆ ಅದರಲ್ಲಿಯೇ ಪರಿಹಾರವಿದೆ.

ಪ್ರತಿ ಮಗುವಿಗೆ ಒಂದು ಹಾಳೆ ಮಾಡಿ, ಪಾಠಗಳ ಹೆಸರುಗಳನ್ನು ಕ್ರಮವಾಗಿ ಒಂದರ ಕೆಳಗೊಂದರಂತೆ ಬರೆಯಿರಿ. ರಜಾದಿನಗಳಿಗೆ ಬೇರೆಯದೇ ಒಂದು ಹಾಳೆ ಇರಲಿ. ಮೊದಲ ಪಾಠದ ದಿನಾಂಕವನ್ನು ಮಾತ್ರ ಕೈಯಿಂದ ತುಂಬಿ, ಎರಡನೆಯದರಿಂದ ‘WORKDAY.INTL’ ಎಂಬ ಫಂಕ್ಷನ್ (ಸಿದ್ಧ ಸೂತ್ರ) ಬಳಸಿ. ಇದು ಹಿಂದಿನ ಪಾಠದ ದಿನಾಂಕಕ್ಕೆ ಒಂದು ಕೆಲಸದ ದಿನವನ್ನು ಸೇರಿಸುತ್ತದೆ, ವಾರದ ರಜೆಯನ್ನೂ ನಿಮ್ಮ ರಜಾಪಟ್ಟಿಯಲ್ಲಿರುವ ದಿನಗಳನ್ನೂ ತಾನಾಗಿಯೇ ಬಿಟ್ಟು ಮುಂದೆ ಹೋಗುತ್ತದೆ. ವಾರದ ರಜೆ ಯಾವುದೆಂದು ತಿಳಿಸಲು ಸೋಮವಾರದಿಂದ ಆರಂಭಿಸಿ ಏಳು ಅಂಕಿಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಪಾಠವಿರುವ ದಿನಕ್ಕೆ 0, ರಜೆಗೆ 1. ನಮ್ಮ ಮನೆಯಲ್ಲಿ ಬುಧವಾರ ಪೂರ್ತಿ ಸಂಗೀತಕ್ಕೆ ಮೀಸಲಾಗಿರುವುದರಿಂದ, ಭಾನುವಾರವನ್ನೂ ಸೇರಿಸಿ ನಾವು 0010001 ಎಂದು ಕೊಟ್ಟಿದ್ದೇವೆ. ಮಗುವಿಗೆ ಜ್ವರ ಬಂದ ದಿನವನ್ನು ರಜಾಪಟ್ಟಿಗೆ ಸೇರಿಸಿದ ಕೂಡಲೇ ಅಲ್ಲಿಂದ ಮುಂದಿನ ಪಾಠಗಳೆಲ್ಲ ಒಂದೊಂದು ದಿನ ಸರಿಯುತ್ತವೆ, ಹಿಂದಿನವು ಹಾಗೆಯೇ ಉಳಿಯುತ್ತವೆ. ಕಡತದ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ರೂಢಿ ಎಂಬ ಆಯ್ಕೆ) ‘ಇಂಡಿಯಾ’ ಎಂದಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಅಮೆರಿಕ ಎಂದಿದ್ದರೆ 3/6 ಎಂದು ಬರೆದದ್ದನ್ನು ಅದು ಮಾರ್ಚ್ 6 ಎಂದು ಓದುತ್ತದೆ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದದ್ದು. ಯೋಜನೆಯ ಹಾಳೆಯಲ್ಲಿಯೇ ‘ಮುಗಿಯಿತು’ ಎಂದು ಗುರುತು ಹಾಕುವುದನ್ನು ದಾಖಲೆ ಎಂದು ಭಾವಿಸಬೇಡಿ. ಭಿನ್ನರಾಶಿಯ ಪಾಠ ಇದ್ದ ದಿನ ಮಗು ಎರಡು ಗಂಟೆ ಕೆರೆಯ ಹಕ್ಕಿಗಳನ್ನು ನೋಡಿ ಚಿತ್ರ ಬಿಡಿಸಿದ್ದರೆ, ಯೋಜನೆಯ ಹಾಳೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಆ ದಿನ ಖಾಲಿ ಹೋಯಿತೆಂದು ಅದು ತೋರಿಸುತ್ತದೆ. ಆದ್ದರಿಂದ ನಡೆದದ್ದನ್ನು ಬರೆಯಲು ಒಂದು ಗೂಗಲ್ ಫಾರ್ಮ್ ಮಾಡಿ, ಅದರ ಕೊಂಡಿಯನ್ನು ಮೊಬೈಲಿನ ಮುಖಪುಟದಲ್ಲಿ ಇಟ್ಟುಕೊಳ್ಳಿ. ಮಗುವಿನ ಹೆಸರು, ವಿಷಯ, ಏನು ಮಾಡಿದರು, ಎಷ್ಟು ಹೊತ್ತು ಎಂಬ ನಾಲ್ಕು ಪ್ರಶ್ನೆಗಳು ಸಾಕು. ಸಂಜೆ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದು ದಿನಾಂಕ, ಸಮಯದ ಸಮೇತ ಹಾಳೆಗೆ ಸೇರುತ್ತದೆ.

ಉತ್ತರ 2 (ಪೆನ್ಸಿಲ್ವೇನಿಯಾದ ಕನ್ನಡತಿ)

ಅಮೆರಿಕದ ಪ್ಲಾನರ್‌ಗಳ ಬಗ್ಗೆ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಅವು ಇಲ್ಲಿನ ಕಾನೂನಿನ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡವು ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ನಿಮಗೆ ನಿರ್ಧಾರ ಸುಲಭವಾಗುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ 180 ದಿನ, ಅಥವಾ ಪ್ರಾಥಮಿಕ ಹಂತದಲ್ಲಿ 900 ಗಂಟೆ, ಪ್ರೌಢ ಹಂತದಲ್ಲಿ 990 ಗಂಟೆ ಬೋಧನೆ ನಡೆದಿರಬೇಕು. ಆಯಾ ಕಾಲಕ್ಕೇ ಬರೆದಿಟ್ಟ ದಿನಚರಿ, ಓದಿದ ಪುಸ್ತಕಗಳ ಶೀರ್ಷಿಕೆಗಳು ಮತ್ತು ಮಗುವಿನ ಕೆಲಸದ ಮಾದರಿಗಳು ಇರುವ ಪೋರ್ಟ್‌ಫೋಲಿಯೊ ಒಂದನ್ನು ಅರ್ಹ ಮೌಲ್ಯಮಾಪಕರು ನೋಡಿ, ಮಗುವಿನೊಡನೆ ಮಾತನಾಡಿ, ಪ್ರಮಾಣಪತ್ರ ಕೊಡಬೇಕು; ಅದನ್ನು ಜೂನ್ 30ರೊಳಗೆ ಶಾಲಾ ಜಿಲ್ಲೆಗೆ ಸಲ್ಲಿಸಬೇಕು. ದಿನಗಳನ್ನೂ ಗಂಟೆಗಳನ್ನೂ ಎಣಿಸಿ ವರದಿ ಮುದ್ರಿಸಿಕೊಡುವ ತಂತ್ರಾಂಶಕ್ಕೆ ಹಣ ಕೊಡುವುದು ಇಲ್ಲಿ ಸಾರ್ಥಕ. ಮೈಸೂರಿನಲ್ಲಿ ಆ ವರದಿಯನ್ನು ನಿಮ್ಮಿಂದ ಯಾರೂ ಕೇಳುವುದಿಲ್ಲವಾದ್ದರಿಂದ ಆ ಖರ್ಚು ಬೇಡ.

ಆದರೆ ಈ ಕಾನೂನಿನಿಂದ ಬಂದ ಒಂದು ರೂಢಿಯನ್ನು ನಾನು ಮನಸಾರೆ ಮೆಚ್ಚಿಕೊಂಡಿದ್ದೇನೆ, ಅದು ಪುಸ್ತಕಗಳ ಪಟ್ಟಿ. ಮಕ್ಕಳು ಓದಿದ ಪ್ರತಿಯೊಂದು ಪುಸ್ತಕವನ್ನೂ, ಅಜ್ಜಿ ಕಳಿಸಿಕೊಟ್ಟ ಕನ್ನಡ ಕಥೆಪುಸ್ತಕಗಳನ್ನೂ ಸೇರಿಸಿ, ಬರೆದಿಡುತ್ತೇವೆ. ಮಗು ಯಾವ ಭಾಷೆಯಲ್ಲಿ ಹಿಂದೆ ಬೀಳುತ್ತಿದೆ ಎಂಬುದು ಅಂಕಗಳಿಗಿಂತ ಮೊದಲು ಆ ಪಟ್ಟಿಯಲ್ಲಿಯೇ ಕಾಣುತ್ತದೆ.

ಉತ್ತರ 3 (ಧಾರವಾಡದ ಪೋಷಕರು)

ನಮ್ಮ ಮಗ ಎನ್‌ಐಒಎಸ್ ಮೂಲಕವೇ ಹತ್ತನೇ ತರಗತಿ ಮುಗಿಸಿದ್ದಾನೆ. ಗಂಟೆಗಳನ್ನು ಬರೆದಿಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಮಯ ಬರೆಯತೊಡಗಿದರೆ ಮಕ್ಕಳು ಗಡಿಯಾರ ನೋಡಿಕೊಂಡು ಕೂರುತ್ತಾರೆ, ದೊಡ್ಡವರೂ ಹೊತ್ತು ತುಂಬಿಸುವುದಕ್ಕೆ ಗಮನ ಕೊಡುತ್ತಾರೆ. ಏನು ಕಲಿತರು, ಎಲ್ಲಿ ಎಡವಿದರು ಎಂಬ ಎರಡು ಸಾಲು ನಿಮ್ಮ ಮಕ್ಕಳ ವಯಸ್ಸಿಗೆ ಸಾಕು.

ಮಗಳಿಗೆ ಹದಿಮೂರು ದಾಟಿದ ಮೇಲೆ ಮಾತ್ರ ಯೋಜನೆಯ ಸ್ವರೂಪ ಬದಲಾಗಬೇಕು. ಅಲ್ಲಿಯವರೆಗೆ ಜೂನ್‌ನಿಂದ ಮುಂದಕ್ಕೆ ಎಣಿಸುತ್ತೀರಿ. ಆಮೇಲೆ ಪರೀಕ್ಷೆಯಿಂದ ಹಿಂದಕ್ಕೆ ಎಣಿಸಬೇಕು. ಸಾರ್ವಜನಿಕ ಪರೀಕ್ಷೆಗಳು ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ಗಳಲ್ಲಿ ನಡೆಯುತ್ತವೆ. ತೇರ್ಗಡೆಗೆ ಕನಿಷ್ಠ ಐದು ವಿಷಯಗಳು ಬೇಕು, ಅವುಗಳಲ್ಲಿ ಒಂದಾದರೂ ಭಾಷೆಯಾಗಿರಬೇಕು. ನೋಂದಣಿ ಐದು ವರ್ಷ ಊರ್ಜಿತದಲ್ಲಿರುವುದರಿಂದ ಎಲ್ಲವನ್ನೂ ಒಂದೇ ಸಲ ಬರೆಯುವ ಒತ್ತಡವಿಲ್ಲ; ಒಂದು ಅವಧಿಗೆ ಎರಡು ವಿಷಯ, ಮುಂದಿನದಕ್ಕೆ ಮೂರು ಎಂದು ಹಂಚಿಕೊಳ್ಳಬಹುದು. ಟಿಎಂಎ ಎಂಬ ಅಸೈನ್‌ಮೆಂಟ್‌ಗಳನ್ನು ಸಲ್ಲಿಸುವ ಕೊನೆಯ ದಿನ, ಪರೀಕ್ಷಾ ಶುಲ್ಕದ ಕೊನೆಯ ದಿನ ಮುಂತಾದವನ್ನು ಸಂಸ್ಥೆಯ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಂಡು ಗೂಗಲ್ ಕ್ಯಾಲೆಂಡರ್‌ನಲ್ಲಿ ನಾಲ್ಕು ವಾರ ಮುಂಚಿನ ಎಚ್ಚರಿಕೆಯೊಂದಿಗೆ ಹಾಕಿಡಿ. ಇವು ತಪ್ಪಿದರೆ ಪಾಠದಂತೆ ನಾಳೆಗೆ ಸರಿಯುವುದಿಲ್ಲ, ಮುಂದಿನ ಅವಧಿಯವರೆಗೆ ಕಾಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಅನಂತ ಧನ್ಯವಾದಗಳು. ಸಮಯ ಬರೆಯುವ ಪ್ರಶ್ನೆಯನ್ನು ಫಾರ್ಮ್‌ನಿಂದ ತೆಗೆದು, ಉಳಿದದ್ದನ್ನು ಬೆಂಗಳೂರಿನವರು ಹೇಳಿದಂತೆಯೇ ಮಾಡಿಕೊಳ್ಳುತ್ತೇನೆ. ಮಕ್ಕಳ ಬರಹ, ಚಿತ್ರಗಳ ಫೋಟೋಗಳನ್ನು ಎಲ್ಲಿ ಇಡುವುದು ಸುರಕ್ಷಿತ?

ಉತ್ತರ (ಬೆಂಗಳೂರಿನ ತಂದೆ)

ಗೂಗಲ್ ಡ್ರೈವ್‌ನಲ್ಲಿ ಪ್ರತಿ ಮಗುವಿಗೊಂದು ಫೋಲ್ಡರ್, ಅದರೊಳಗೆ ತಿಂಗಳಿಗೊಂದು ಫೋಲ್ಡರ್ ಮಾಡಿ. ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲಿ ಜಿಮೇಲ್ ಮತ್ತು ಫೋಟೋಗಳೂ ಪಾಲುದಾರರಾಗಿರುವುದರಿಂದ, ತೆಗೆದದ್ದನ್ನೆಲ್ಲ ತುಂಬದೆ ವಿಷಯಕ್ಕೆ ಒಂದೆರಡು ಒಳ್ಳೆಯ ಮಾದರಿಗಳನ್ನು ಮಾತ್ರ ಉಳಿಸಿಕೊಳ್ಳಿ. ಹಂಚಿಕೆಯನ್ನು ‘ಕೊಂಡಿ ಇರುವ ಯಾರಾದರೂ’ ಎಂದು ಬಿಡದೆ, ನಿಮ್ಮ ಮನೆಯವರ ಖಾತೆಗಳಿಗೆ ಮಾತ್ರ ಸೀಮಿತಗೊಳಿಸಿ. ಮೂರು ತಿಂಗಳಿಗೊಮ್ಮೆ ಹಾಳೆಗಳನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಂಡು, ಫೋಟೋಗಳೊಂದಿಗೆ ಒಂದು ಪೆನ್‌ಡ್ರೈವ್‌ಗೂ ಹಾಕಿಡಿ.