ಫ್ಲೆಮಿಂಗ್ ಪ್ಲೇಟು ಮಾಡಿದರೆ ಬೂಷ್ಟಿನ ಸುತ್ತ ಖಾಲಿ ಜಾಗ ಯಾಕೆ ಬೀಳುವುದಿಲ್ಲ?

ಪ್ರಶ್ನೆ (ಮಂಗಳೂರು, ಬಿ.ಎಸ್ಸಿ.):
ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಇಲ್ಲದ ಒಂದು ಪ್ಲೇಟು ನೋಡಿ ಅಲ್ವಾ, ಪ್ರದರ್ಶನಕ್ಕೆ 1928ರ ಆ ಪ್ಲೇಟನ್ನೇ ಮಾಡಿ ತೋರಿಸಬೇಕು ಅಂತ ಉಂಟು. ನ್ಯೂಟ್ರಿಯೆಂಟ್ ಅಗಾರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ಮೇಲೆ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾ ಹರಡಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಬೆಳೆಸಿ, ನಡುವೆ ಪೆನಿಸಿಲಿಯಂ ಬೂಷ್ಟು ಇಟ್ಟು ವಾಪಸ್ ಇನ್‌ಕ್ಯುಬೇಟರಿಗೆ ಇಟ್ಟದ್ದು. ಬೂಷ್ಟು ಏಳುವುದೇ ಕಷ್ಟ, ಸುತ್ತ ಬ್ಯಾಕ್ಟೀರಿಯಾ ಹಾಗೇ ಉಂಟು. ತಳಿ ಹಾಳಾಗಿದೆಯಾ?

ಉತ್ತರ 1:
ತಳಿ ಅಲ್ಲ ಮಾರಾಯ್ರೆ, ಕ್ರಮ ಉಲ್ಟಾ. ಬ್ಯಾಕ್ಟೀರಿಯಾ ಒಡೆದು ಎರಡಾಗುವಾಗ ಹೊಸ ಕೋಶಭಿತ್ತಿ ಕಟ್ಟುವುದನ್ನು ಬೂಷ್ಟು ಬಿಡುವ ಪೆನಿಸಿಲಿನ್ ತಡೆಯುತ್ತದೆ, ಭಿತ್ತಿ ನಿಲ್ಲದೆ ಕೋಶ ಸಿಡಿಯುತ್ತದೆ. ಬೆಳೆದು ನಿಂತ ಪದರದ ಮೇಲೆ ಅದರ ಆಟ ನಡೆಯುವುದಿಲ್ಲ. ಲಂಡನ್ನಿನಲ್ಲಿ ಬ್ಯಾಕ್ಟೀರಿಯಾ ತಜ್ಞ ರೊನಾಲ್ಡ್ ಹೇರ್ ಇದನ್ನೇ ಕೆದಕಿ ನೋಡಿದರು: ಫ್ಲೆಮಿಂಗ್ ರಜೆಗೆ ಹೋಗುವಾಗ ಪ್ಲೇಟು ಮೇಜಿನ ಮೇಲೇ ಇತ್ತು, ಜುಲೈ ಕೊನೆಯ ತಂಪಿಗೆ ಬೂಷ್ಟು ಮೊದಲು ಎದ್ದಿತು, ಅದರಲ್ಲಿದ್ದ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದದ್ದು ಆಮೇಲೆ ಸೆಕೆ ಬಂದಾಗ.
ಹಾಗಾಗಿ ಪೆನಿಸಿಲಿಯಂ ಅನ್ನು ಒಂದು ಅಂಚಿಗೆ ಹಾಕಿ, 20–25 ಡಿಗ್ರಿಯಲ್ಲಿ 5 ದಿನ ಬಿಡಿ. ಆಮೇಲೆ ಎದುರಿನ ಅಂಚಿನಿಂದ ಬೂಷ್ಟಿನ ಕಡೆಗೆ ಲೂಪಿನಲ್ಲಿ (ತುದಿಗೆ ಕುಣಿಕೆ ಇರುವ ತಂತಿ) ಬ್ಯಾಕ್ಟೀರಿಯಾದ ಗೆರೆ ಎಳೆಯಿರಿ, ಬೂಷ್ಟಿಗೆ ತಾಗಿಸಬೇಡಿ. 37 ಡಿಗ್ರಿ, 24 ಗಂಟೆ. ಬೂಷ್ಟು ಹತ್ತಿರವಾದಲ್ಲಿ ಗೆರೆ ಬೆಳೆಯದೆ ನಿಂತಿರುತ್ತದೆ.

ಉತ್ತರ 2:
ನಮ್ಮೂರಿನ ರೂಮ್ ಟೆಂಪರೇಚರ್ ನಂಬಬೇಡಿ, ಎಸಿ ರೂಮೇ ಬೇಕು. ಪ್ಲೇಟಿನ ಅಂಚಿಗೆ ಪ್ಯಾರಾಫಿಲ್ಮ್ (ಮೇಣದಂಥ ಹಿಗ್ಗುವ ಪಟ್ಟಿ) ಸುತ್ತಿ, ಕವುಚಿ ಇಡಿ. ಅಗಾರಿಗೆ ಗ್ಲೂಕೋಸ್ ಸುರಿಯಬೇಡಿ: ಬೂಷ್ಟು ಹುಲುಸಾಗಿ ಬೆಳೆಯುತ್ತದೆ, ಪೆನಿಸಿಲಿನ್ ಮಾತ್ರ ಕಡಿಮೆ. ಅಮೆರಿಕದ ಪಿಯೋರಿಯಾದಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಮತ್ತು ಮೆಕ್ಕೆಜೋಳ ನೆನೆಸಿದ ನೀರು ಹಾಕಿದ ಮೇಲೇ ಇಳುವರಿ ಏರಿದ್ದು. ಪಿಎಚ್ 7ರ ಆಸುಪಾಸಿನಲ್ಲಿರಲಿ, ಆಮ್ಲದಲ್ಲಿ ಪೆನಿಸಿಲಿನ್ ಕೆಡುತ್ತದೆ. ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಬೇರ್ಪಡಿಸುತ್ತಿದ್ದ ಹೀಟ್ಲಿ ಪಿಎಚ್ 2ಕ್ಕೆ ಇಳಿಸುವ ಮುಂಚೆ ದ್ರಾವಣವನ್ನು ಚೆನ್ನಾಗಿ ತಣಿಸುತ್ತಿದ್ದದ್ದು ಅದಕ್ಕೇ.
ಪಕ್ಕದಲ್ಲೇ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಗೆರೆ ಎಳೆಯಿರಿ. ಅದಕ್ಕೆ ಪೆನಿಸಿಲಿನನ್ನು ಸುಲಭಕ್ಕೆ ಒಳಬಿಡದ ಹೊರಪೊರೆ ಉಂಟಲ್ಲ, ಹೆಚ್ಚುಕಮ್ಮಿ ಬೂಷ್ಟಿನ ಬುಡದವರೆಗೂ ಬೆಳೆಯುತ್ತದೆ. ನೋಡುವವರಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ ಕೇಳಿದವರು:
ಆಯ್ತು, ಹಾಗೇ ಮಾಡ್ತೇನೆ. ಹೊಸ ತಳಿಗೆ ಬ್ರೆಡ್ಡಿನ ಹಸಿರು ಬೂಷ್ಟು ನಡೆಯುತ್ತದಾ?

ಉತ್ತರ 1:
ಬೇಡವೇ ಬೇಡ. ಹಸಿರಾದದ್ದೆಲ್ಲ ಪೆನಿಸಿಲಿಯಂ ಅಲ್ಲ, ಪೆನಿಸಿಲಿಯಂ ಎಲ್ಲವೂ ಪೆನಿಸಿಲಿನ್ ಕೊಡುವುದೂ ಇಲ್ಲ. ಕರಾವಳಿಯ ತೇವಕ್ಕೆ ಏಳುವುದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುವ ಆಸ್ಪರ್ಜಿಲಸ್ ಬೂಷ್ಟೂ ಇರಬಹುದು. ಚಂಡೀಗಢದ ಎಂಟಿಸಿಸಿಗೆ (ಸೂಕ್ಷ್ಮಜೀವಿ ತಳಿಗಳ ಸಂಗ್ರಹ ಕೇಂದ್ರ) ಕಾಲೇಜಿನ ಮೂಲಕ ಬರೆದು ಪೆನಿಸಿಲಿಯಂ ಕ್ರೈಸೋಜೀನಂ ತರಿಸಿ. ಪ್ರದರ್ಶನದಲ್ಲಿ ಮುಚ್ಚಳ ತೆಗೆಯಬೇಡಿ. ಮುಗಿದ ಮೇಲೆ 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಬೇಯಿಸಿಯೇ) ಬಿಸಾಡಿ.